ಅಂಗಡಿಯ ಡೊಮೇನ್ ನಿಮ್ಮ ಹೆಸರಲ್ಲೇ ಇರಲಿ: ಕೊಳ್ಳುವುದು, ಕಾಪಾಡುವುದು, ಕೈತಪ್ಪಿದರೆ ಮರಳಿ ಪಡೆಯುವುದು

ಚಿಕ್ಕಮಗಳೂರಿನ ಹೋಮ್‌ಸ್ಟೇ ಇರಲಿ, ಇಳಕಲ್ ಸೀರೆ ಅಂಗಡಿ ಇರಲಿ, ಮನೆಯಲ್ಲೇ ಚಟ್ನಿಪುಡಿ ಮಾಡಿ ಕೊರಿಯರ್‌ನಲ್ಲಿ ಕಳಿಸುವ ಹೆಂಗಸರ ಗುಂಪು ಇರಲಿ, ವೆಬ್‌ಸೈಟ್ ಬೇಕು ಅನಿಸಿದಾಗ ಬಹಳಷ್ಟು ಜನ ಮಾಡುವುದು ಒಂದೇ ಕೆಲಸ. ಪರಿಚಯದ ಹುಡುಗನಿಗೆ ಒಟ್ಟಿಗೆ ದುಡ್ಡು ಕೊಟ್ಟು ‘ಎಲ್ಲಾ ನೀನೇ ನೋಡ್ಕೊಳಪ್ಪ’ ಅನ್ನುತ್ತಾರೆ. ಅವನು ತನ್ನ ಖಾತೆಯಲ್ಲೇ ಡೊಮೇನ್, ಅಂದರೆ ವೆಬ್‌ಸೈಟಿನ ವಿಳಾಸದ ಹೆಸರು, ತೆಗೆದುಕೊಳ್ಳುತ್ತಾನೆ. ಅವನಿಗೆ ಕೆಟ್ಟ ಉದ್ದೇಶ ಇರಬೇಕೆಂದೇನೂ ಇಲ್ಲ, ಹಾಗೆ ಮಾಡುವುದು ಸುಲಭ, ಅಷ್ಟೇ. ಐದು ವರ್ಷ ಬಿಟ್ಟು ಅವನು ಬೇರೆ ಊರಿಗೆ ಹೋಗಿರುತ್ತಾನೆ, ನಂಬರ್ ಬದಲಾಗಿರುತ್ತದೆ, ರಿನ್ಯೂವಲ್ ಇಮೇಲ್‌ಗಳು ಅವನ ಹಳೆಯ ಇನ್‌ಬಾಕ್ಸ್‌ಗೆ ಹೋಗಿ ಬೀಳುತ್ತಿರುತ್ತವೆ. ಇತ್ತ ನಿಮ್ಮ ಬೋರ್ಡು, ಬಿಲ್‌ಬುಕ್ಕು, ಪ್ಯಾಕೆಟ್ಟು, ವಿಸಿಟಿಂಗ್ ಕಾರ್ಡು ಎಲ್ಲದರ ಮೇಲೂ ಅದೇ ವಿಳಾಸ ಅಚ್ಚಾಗಿರುತ್ತದೆ.

ಜಮೀನು ನೀವೇ ಉತ್ತರೂ ಪಹಣಿಯಲ್ಲಿ ಬೇರೆಯವರ ಹೆಸರಿದ್ದರೆ ಏನು ಪಾಡು ಅಂತ ನಮ್ಮ ಕಡೆ ಯಾರಿಗೂ ಹೇಳಿಕೊಡಬೇಕಿಲ್ಲ. ಡೊಮೇನ್‌ಗೂ ಅಂಥದ್ದೊಂದು ಕಾಲಂ ಇದೆ. ಅದರ ಹೆಸರು ರಿಜಿಸ್ಟ್ರೆಂಟ್. ಅಲ್ಲಿ ನಿಮ್ಮ ಹೆಸರೇ ಇರಬೇಕು. ಮುಂದೆ ಹೇಳುವ ಹಂತಗಳೆಲ್ಲ ಇದಕ್ಕೇ ಸೇರಿದವು.

ಮೊದಲು ಯಾರು ಯಾರು ಅಂತ ತಿಳಿದುಕೊಳ್ಳಿ

ಡೊಮೇನ್ ಹೆಸರುಗಳ ವ್ಯವಸ್ಥೆಯನ್ನು ಜಗತ್ತಿನ ಮಟ್ಟದಲ್ಲಿ ನೋಡಿಕೊಳ್ಳುವುದು ಐಕ್ಯಾನ್ ಎಂಬ ಸಂಸ್ಥೆ. 1998ರಲ್ಲಿ ಶುರುವಾದದ್ದು. ಅದರ ಕೆಳಗೆ ಡಾಟ್ ಕಾಮ್, ಡಾಟ್ ಇನ್ ಥರದ ಒಂದೊಂದು ಬಾಲಕ್ಕೂ ಲೆಕ್ಕ ಇಡುವ ಒಂದೊಂದು ರಿಜಿಸ್ಟ್ರಿ ಇರುತ್ತದೆ. ಡಾಟ್ ಕಾಮ್ ನಡೆಸುವುದು ಅಮೆರಿಕದ ವೆರಿಸೈನ್ ಕಂಪನಿ. ಡಾಟ್ ಇನ್ ನೋಡಿಕೊಳ್ಳುವುದು ನಮ್ಮ ನ್ಯಾಷನಲ್ ಇಂಟರ್ನೆಟ್ ಎಕ್ಸ್‌ಚೇಂಜ್ ಆಫ್ ಇಂಡಿಯಾ, ಅಂದರೆ ನಿಕ್ಸಿ. ನಾವು ನೇರವಾಗಿ ಇವರ ಹತ್ತಿರ ಹೋಗುವುದಿಲ್ಲ. ನಡುವೆ ರಿಜಿಸ್ಟ್ರಾರ್ ಎಂಬ ಮಾರಾಟಗಾರರಿದ್ದಾರೆ, ಅವರ ಸೈಟ್‌ನಲ್ಲಿ ದುಡ್ಡು ಕಟ್ಟಿ ಹೆಸರು ತೆಗೆದುಕೊಳ್ಳುತ್ತೇವೆ. ತೆಗೆದುಕೊಂಡವರು ರಿಜಿಸ್ಟ್ರೆಂಟ್.

ಡೊಮೇನ್ ಕೊಂಡೆವು ಅಂತ ಬಾಯಿಮಾತಿಗೆ ಹೇಳುತ್ತೇವೆ, ನಿಜಕ್ಕೂ ಅದು ಬಾಡಿಗೆ. ಒಂದು ವರ್ಷದಿಂದ ಹತ್ತು ವರ್ಷದವರೆಗೆ ಒಟ್ಟಿಗೆ ಕಟ್ಟಬಹುದು. ಕಟ್ಟುವುದು ನಿಲ್ಲಿಸಿದರೆ ಹೆಸರು ಹೋಯಿತು.

ಹಂತ 1: ಹೆಸರು ಆರಿಸುವುದು

ಕನ್ನಡ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವಾಗಲೇ ಅರ್ಧ ತೊಂದರೆ ಶುರುವಾಗುತ್ತದೆ. ‘ಮಲೆನಾಡು’ ಅಂತ ಇಟ್ಟುಕೊಳ್ಳಿ. ನಾ ಅಕ್ಷರಕ್ಕೆ ಒಂದು ಎ ಹಾಕಬೇಕೋ ಎರಡೋ? ಲೆ ಆದಮೇಲೆ ಇ ಬೇಕೋ ಬೇಡವೋ? ‘ಅಮೃತ’ ಆದರೆ ಬರಿ ಟಿ ಸಾಕೋ, ಟಿ ಜೊತೆ ಎಚ್ ಬೇಕೋ? ಗಿರಾಕಿಗೆ ಫೋನಿನಲ್ಲಿ ವಿಳಾಸ ಹೇಳಿದಾಗ ಅವರು ತಾವು ಬರೆಯುವ ರೀತಿಯಲ್ಲೇ ಟೈಪ್ ಮಾಡುತ್ತಾರೆ. ಅದಕ್ಕೆ ಒಂದು ಸುಲಭ ಪರೀಕ್ಷೆ ಇದೆ. ನಾಲ್ಕೈದು ಜನರಿಗೆ ಹೆಸರನ್ನು ಬಾಯಲ್ಲಿ ಹೇಳಿ, ಇಂಗ್ಲಿಷ್‌ನಲ್ಲಿ ಬರೆಯಿರಿ ಅನ್ನಿ. ಎಲ್ಲರೂ ಒಂದೇ ಥರ ಬರೆದರೆ ಆ ಹೆಸರು ಒಳ್ಳೆಯದು. ಎರಡು ಥರ ಬಂದರೆ ಎರಡನ್ನೂ ತೆಗೆದುಕೊಂಡು ಒಂದರಿಂದ ಇನ್ನೊಂದಕ್ಕೆ ಹೋಗುವ ಹಾಗೆ ಮಾಡಿ. ನಾಲ್ಕು ಥರ ಬಂದರೆ ಬೇರೆ ಹೆಸರು ಹುಡುಕಿ.

ಹೈಫನ್ ಬೇಡ. ಅಂಕಿ ಬೇಡ. ಬಾಯಲ್ಲಿ ಹೇಳುವಾಗ ವಿವರಿಸಬೇಕಾದ ಯಾವುದೂ ಬೇಡ.

ನಮ್ಮಲ್ಲಿ ‘ಶ್ರೀ ಮಂಜುನಾಥ’, ‘ಶ್ರೀ ಗಣೇಶ’, ‘ಅನ್ನಪೂರ್ಣ’ ಇಲ್ಲದ ಊರಿಲ್ಲ. ಭಕ್ತಿಯಿಂದ ಇಟ್ಟ ಹೆಸರು, ಬೋರ್ಡಿನ ಮೇಲೆ ಹಾಗೇ ಇರಲಿ. ಆದರೆ ಆ ಡೊಮೇನ್ ಸಿಗುವುದು ಕಷ್ಟ, ಸಿಕ್ಕರೂ ಅದು ನನ್ನದೊಬ್ಬನದೇ ಅಂತ ಸಾಧಿಸುವುದು ಇನ್ನೂ ಕಷ್ಟ. ಜೊತೆಗೆ ಊರಿನ ಹೆಸರೋ ಮನೆತನದ ಹೆಸರೋ ಸೇರಿಸಿ. ಅದೇ ಮೈಸೂರು ಸಿಲ್ಕ್, ಚನ್ನಪಟ್ಟಣದ ಗೊಂಬೆ, ಬ್ಯಾಡಗಿ ಮೆಣಸಿನಕಾಯಿ ಇಂಥವು ಜಿಐ ಟ್ಯಾಗ್ ಇರುವ ಹೆಸರುಗಳು. ಅವನ್ನೇ ನಿಮ್ಮ ಬ್ರ್ಯಾಂಡ್ ಮಾಡಿಕೊಳ್ಳಲು ಹೋಗಬೇಡಿ. ಅವು ಆಯಾ ಪ್ರದೇಶದ ಉತ್ಪನ್ನದ ಗುರುತು, ಒಂದು ಅಂಗಡಿಗೆ ಸೇರಿದ ಆಸ್ತಿಯಲ್ಲ.

ದುಡ್ಡು ಕಟ್ಟುವ ಮೊದಲು ಟ್ರೇಡ್‌ಮಾರ್ಕ್ ಹುಡುಕಾಟ ಮಾಡಲೇಬೇಕು. ಕೇಂದ್ರ ಸರ್ಕಾರದ ಐಪಿ ಇಂಡಿಯಾ ಸೈಟ್‌ನಲ್ಲಿ ಯಾರು ಬೇಕಾದರೂ ಉಚಿತವಾಗಿ ಹುಡುಕಬಹುದು. ಅದೇ ಉಚ್ಚಾರದ ಹೆಸರುಗಳನ್ನೂ ನೋಡಿ. ಡೊಮೇನ್ ಖಾಲಿ ಇದೆ ಅಂದ ಮಾತ್ರಕ್ಕೆ ಹೆಸರು ಖಾಲಿ ಇದೆ ಅಂತಲ್ಲ. ಬೇರೆಯವರ ಟ್ರೇಡ್‌ಮಾರ್ಕ್ ಇರುವ ಹೆಸರಿನಲ್ಲಿ ವ್ಯಾಪಾರ ಬೆಳೆಸಿದರೆ, ಬೆಳೆದ ಮೇಲೆ ನೋಟಿಸ್ ಬರುತ್ತದೆ.

ಹಂತ 2: ಡಾಟ್ ಕಾಮೋ, ಡಾಟ್ ಇನ್ನೋ

ಗಿರಾಕಿಗಳು ಇಲ್ಲಿಯವರೇ ಆದರೆ ಡಾಟ್ ಇನ್ ಸಾಕು. ಹೊರದೇಶಕ್ಕೂ ಮಾರುವುದಾದರೆ ಡಾಟ್ ಕಾಮ್ ಬೇಕು. ನನ್ನ ಸಲಹೆ ಕೇಳಿದರೆ, ಎರಡನ್ನೂ ತೆಗೆದುಕೊಳ್ಳಿ. ವರ್ಷಕ್ಕೆ ಆಗುವ ಖರ್ಚು ಒಂದು ಸಣ್ಣ ಫ್ಲೆಕ್ಸ್ ಹಾಕಿಸುವಷ್ಟು. ಡಾಟ್ ಶಾಪ್, ಡಾಟ್ ಸ್ಟೋರ್ ಅಂತ ಹತ್ತು ಹದಿನೈದು ಬಾಲಗಳನ್ನೆಲ್ಲ ಕೊಳ್ಳುವ ಅಗತ್ಯವಿಲ್ಲ. ಕೊಳ್ಳುವ ಪುಟದಲ್ಲೇ ಅವನ್ನು ತಾವಾಗಿ ಸೇರಿಸಿಟ್ಟಿರುತ್ತಾರೆ, ನೋಡಿ ತೆಗೆದುಹಾಕಿ.

ಡಾಟ್ ಭಾರತ ಕನ್ನಡ ಲಿಪಿಯಲ್ಲೂ ಸಿಗುತ್ತದೆ, ಅದನ್ನು ನಡೆಸುವುದೂ ನಿಕ್ಸಿಯೇ. ಬೋರ್ಡಿನ ಮೇಲೆ ಇಡೀ ವಿಳಾಸ ಕನ್ನಡದಲ್ಲೇ ಇರುವುದನ್ನು ನೋಡಿದರೆ ಮನಸ್ಸಿಗೆ ಖುಷಿಯಾಗುತ್ತದೆ, ತೆಗೆದುಕೊಳ್ಳಿ ಅಂತಲೇ ಹೇಳುತ್ತೇನೆ. ಒಂದು ಮಾತು ಮಾತ್ರ ನೆನಪಿರಲಿ. ಕನ್ನಡ ಲಿಪಿಯ ಇಮೇಲ್ ವಿಳಾಸವನ್ನು ಇನ್ನೂ ಎಷ್ಟೋ ಫಾರಂಗಳು ಒಪ್ಪುವುದಿಲ್ಲ. ಆದ್ದರಿಂದ ಇದು ಎರಡನೇ ವಿಳಾಸವಾಗಿ ಇರಲಿ.

ಬ್ಯಾಂಕುಗಳ ಮಾತು ಬೇರೆ. ಅವು ಡಾಟ್ ಬ್ಯಾಂಕ್ ಡಾಟ್ ಇನ್‌ಗೆ ಹೋಗಬೇಕೆಂದು ರಿಸರ್ವ್ ಬ್ಯಾಂಕ್ 2025ರಲ್ಲಿ ಹೇಳಿತು, ಅಕ್ಟೋಬರ್ 31ರ ಗಡುವನ್ನೂ ಕೊಟ್ಟಿತು. ಬೇರೆ ವ್ಯಾಪಾರದವರಿಗೆ ಆ ಬಾಲ ಸಿಗುವುದಿಲ್ಲ.

ಬೆಲೆ ನೋಡುವಾಗ ಮೊದಲ ವರ್ಷದ ಆಫರ್‌ಗೆ ಮರುಳಾಗಬೇಡಿ. ಎರಡನೇ ವರ್ಷದ ರಿನ್ಯೂವಲ್ ದರ ಎಷ್ಟು ಅಂತ ನೋಡಿ, ಅದೇ ನಿಜವಾದ ಬೆಲೆ. ಕನ್ನಡದಲ್ಲೋ ಇಂಗ್ಲಿಷ್‌ನಲ್ಲೋ ಫೋನ್ ಎತ್ತಿ ಮಾತಾಡುವ ಜನ ಆ ರಿಜಿಸ್ಟ್ರಾರ್ ಹತ್ತಿರ ಇದ್ದಾರಾ ಅಂತಲೂ ನೋಡಿ. ಮುಂದೆ ಬಿಕ್ಕಟ್ಟು ಬಂದಾಗ ಇದೇ ಉಪಯೋಗಕ್ಕೆ ಬರುವುದು.

ಹಂತ 3: ಖಾತೆ ತೆರೆಯುವುದು

ಅವಸರ ಮಾಡಬಾರದ ಜಾಗ ಇದು. ರಿಜಿಸ್ಟ್ರಾರ್ ಸೈಟ್‌ನಲ್ಲಿ ಖಾತೆ ತೆರೆಯಬೇಕಾದವರು ಮಾಲೀಕರು. ವೆಬ್‌ಸೈಟ್ ಮಾಡುವವರು ಪಕ್ಕದಲ್ಲಿ ಕೂತು ಸಹಾಯ ಮಾಡಲಿ, ಆದರೆ ಇಮೇಲ್, ಮೊಬೈಲ್ ನಂಬರ್, ಪಾಸ್‌ವರ್ಡ್ ಎಲ್ಲ ನಿಮ್ಮದೇ ಆಗಿರಲಿ. ಎಷ್ಟೋ ರಿಜಿಸ್ಟ್ರಾರ್‌ಗಳಲ್ಲಿ ಬೇರೆಯವರಿಗೆ ಸೀಮಿತ ಪ್ರವೇಶ ಕೊಡುವ ಸೌಲಭ್ಯ ಇದೆ. ಅವರಿಗೆ ಅದನ್ನು ಕೊಡಿ, ಕೆಲಸ ಮುಗಿದ ಮೇಲೆ ತೆಗೆಯಿರಿ.

ಇಮೇಲ್ ವಿಷಯದಲ್ಲಿ ಒಂದು ಸೂಕ್ಷ್ಮ ಇದೆ. ಖಾತೆಗೆ ಕೊಡುವ ಇಮೇಲ್ ಅದೇ ಡೊಮೇನ್‌ನದ್ದು ಆಗಿರಬಾರದು. ಡೊಮೇನ್ ನಿಂತುಹೋದ ದಿನ ಆ ಇಮೇಲೂ ನಿಲ್ಲುತ್ತದೆ. ಆಗ ಪಾಸ್‌ವರ್ಡ್ ಬದಲಿಸುವ ಕೊಂಡಿ ಬರುವುದಾದರೂ ಎಲ್ಲಿಗೆ? ಇದಕ್ಕಾಗಿಯೇ ಬೇರೆ ಕಡೆ ಒಂದು ಇಮೇಲ್ ಮಾಡಿಟ್ಟುಕೊಳ್ಳಿ. ಮೊಬೈಲ್ ನಂಬರ್ ಕೂಡ ಕೆಲಸಗಾರರದ್ದು ಬೇಡ.

ರಿಜಿಸ್ಟ್ರೆಂಟ್ ಕಾಲಂನಲ್ಲಿ ಜಿಎಸ್‌ಟಿ ಅಥವಾ ಉದ್ಯಮ್ ನೋಂದಣಿಯಲ್ಲಿ ಇರುವ ಹೆಸರನ್ನೇ ಅಕ್ಷರ ತಪ್ಪದೆ ಬರೆಯಿರಿ. ಆರ್ಗನೈಸೇಶನ್ ಅಂತ ಇರುವಲ್ಲಿ ಕಂಪನಿಯದೋ ಪಾಲುದಾರಿಕೆಯದೋ ಹೆಸರು ಹಾಕಿ. ಅದನ್ನು ಖಾಲಿ ಬಿಟ್ಟು ಒಬ್ಬ ಪಾಲುದಾರರ ಹೆಸರು ಮಾತ್ರ ಹಾಕಿದರೆ ಡೊಮೇನ್ ಅವರೊಬ್ಬರದ್ದು ಅಂತಲೇ ಲೆಕ್ಕ. ಅಣ್ಣತಮ್ಮಂದಿರ ಅಂಗಡಿಗಳು ಪಾಲಾಗುವಾಗ ಈ ಒಂದು ಸಾಲಿಗಾಗಿ ನಡೆಯುವ ಜಗಳ ಸಣ್ಣದಲ್ಲ. ಪಾಲುದಾರಿಕೆ ಪತ್ರದಲ್ಲೇ ‘ಡೊಮೇನ್ ಸಂಸ್ಥೆಗೆ ಸೇರಿದ್ದು’ ಅಂತ ಒಂದು ಸಾಲು ಬರೆಸಿಡಿ.

ಡಾಟ್ ಇನ್‌ಗೆ ಗುರುತಿನ ದಾಖಲೆ ಕೊಟ್ಟು ಕೆವೈಸಿ ಮಾಡಿಸಬೇಕಾಗುತ್ತದೆ. ಡಾಟ್ ಕಾಮ್‌ನಂಥವುಗಳಿಗೆ ಇಮೇಲ್ ದೃಢೀಕರಣದ ಕೊಂಡಿ ಬರುತ್ತದೆ. 15 ದಿನದೊಳಗೆ ಅದನ್ನು ಒತ್ತದಿದ್ದರೆ ಡೊಮೇನನ್ನು ತಡೆಹಿಡಿಯಬಹುದು. ಹೊಸ ವೆಬ್‌ಸೈಟ್ ಇದ್ದಕ್ಕಿದ್ದ ಹಾಗೆ ನಿಂತರೆ ಮೊದಲು ಇದನ್ನೇ ನೋಡಿ, ಸ್ಪ್ಯಾಮ್ ಪೆಟ್ಟಿಗೆಯಲ್ಲಿ ಬಿದ್ದಿರುತ್ತದೆ.

ಬಿಲ್ ನಿಮ್ಮ ಸಂಸ್ಥೆಯ ಹೆಸರಿಗೆ, ಜಿಎಸ್‌ಟಿ ನಂಬರ್ ಸಮೇತ ಬರಲಿ. ತೆರಿಗೆ ಲೆಕ್ಕಕ್ಕೂ ಆಯಿತು, ನಾಳೆ ತಕರಾರು ಬಂದರೆ ದುಡ್ಡು ಕಟ್ಟಿದವರು ನೀವೇ ಅನ್ನುವುದಕ್ಕೆ ಪುರಾವೆಯೂ ಆಯಿತು.

ಹಂತ 4: ಬೀಗ ಹಾಕುವುದು

ಖಾತೆ ತೆರೆದ ದಿನವೇ ಎರಡು ಹಂತದ ಲಾಗಿನ್ ಚಾಲೂ ಮಾಡಿ. ಎಸ್‌ಎಂಎಸ್ ಓಟಿಪಿಗಿಂತ ಫೋನಿನಲ್ಲೇ ಕೋಡ್ ತೋರಿಸುವ ಆಥೆಂಟಿಕೇಟರ್ ಆಪ್ ಒಳ್ಳೆಯದು, ಏಕೆಂದರೆ ಡೂಪ್ಲಿಕೇಟ್ ಸಿಮ್ ತೆಗೆಸಿ ಓಟಿಪಿ ಕದಿಯುವವರಿದ್ದಾರೆ. ಆಗ ಸಿಗುವ ಬ್ಯಾಕಪ್ ಕೋಡ್‌ಗಳನ್ನು ಕಾಗದದ ಮೇಲೆ ಬರೆದು ಅಂಗಡಿಯ ಮುಖ್ಯ ಕಾಗದಪತ್ರಗಳ ಜೊತೆ ಇಡಿ. ಆ ಖಾತೆಗೆ ಕೊಟ್ಟ ಇಮೇಲ್‌ಗೂ ಇದನ್ನೇ ಮಾಡಿ. ಇಮೇಲ್ ಕಳ್ಳನ ಕೈಗೆ ಸಿಕ್ಕರೆ ಡೊಮೇನ್ ಸಿಕ್ಕ ಹಾಗೇ.

ಟ್ರಾನ್ಸ್‌ಫರ್ ಲಾಕ್ ಅಂತ ಒಂದು ಸ್ವಿಚ್ ಇರುತ್ತದೆ, ಅದು ಸದಾ ಆನ್ ಇರಲಿ. ಅದು ಆನ್ ಇದ್ದಾಗ ನಿಮ್ಮ ಡೊಮೇನನ್ನು ಇನ್ನೊಂದು ರಿಜಿಸ್ಟ್ರಾರ್‌ಗೆ ಸಾಗಿಸಲು ಬರುವುದಿಲ್ಲ. ಸಾಗಿಸಲು ಬೇಕಾಗುವ ಗುಟ್ಟಿನ ಕೋಡ್‌ಗೆ ಆಥ್ ಕೋಡ್ ಅನ್ನುತ್ತಾರೆ. ಅದನ್ನು ವಾಟ್ಸಾಪ್‌ನಲ್ಲಿ ಯಾರಿಗೂ ಕಳಿಸಬೇಡಿ.

ಆಟೋ ರಿನ್ಯೂವಲ್ ಹಾಕಿದ್ದೇನೆ, ಇನ್ನೇನು ಚಿಂತೆ ಅಂತ ಕೂರಬೇಡಿ. ಕಾರ್ಡಿನಿಂದ ತಾನಾಗಿ ದುಡ್ಡು ಕಡಿತವಾಗಲು 2021ರ ಅಕ್ಟೋಬರ್‌ನಿಂದ ರಿಸರ್ವ್ ಬ್ಯಾಂಕಿನ ಇ-ಮ್ಯಾಂಡೇಟ್ ನಿಯಮ ಇದೆ. ಮ್ಯಾಂಡೇಟ್, ಅಂದರೆ ದುಡ್ಡು ಕಡಿತಕ್ಕೆ ನೀವು ಮೊದಲೇ ಕೊಡುವ ಒಪ್ಪಿಗೆ, ನೋಂದಣಿ ಆಗದ ಕಾರ್ಡಿನಲ್ಲಿ ಪಾವತಿ ಆಗುವುದಿಲ್ಲ. ಹೊರದೇಶದ ರಿಜಿಸ್ಟ್ರಾರ್ ಆದರಂತೂ ನಮ್ಮ ಕಾರ್ಡುಗಳು ಎಷ್ಟೋ ಸಲ ಕೈಕೊಡುತ್ತವೆ. ಕಾರ್ಡಿನ ಅವಧಿಯೂ ಮುಗಿಯುತ್ತದೆ ಅಲ್ವಾ? ಹಾಗಾಗಿ ಮುಖ್ಯ ಡೊಮೇನ್‌ಗೆ ಐದು ವರ್ಷದ್ದೋ ಹತ್ತು ವರ್ಷದ್ದೋ ಒಟ್ಟಿಗೆ ಕಟ್ಟಿಬಿಡಿ. ಮುಗಿಯುವ ತಾರೀಖನ್ನು ಕ್ಯಾಲೆಂಡರ್‌ನಲ್ಲಿ ಮಾಲೀಕರೂ ಲೆಕ್ಕ ಬರೆಯುವವರೂ ಇಬ್ಬರೂ ಗುರುತು ಹಾಕಿಕೊಳ್ಳಿ.

ದೊಡ್ಡವರೂ ಇದರಲ್ಲಿ ಎಡವಿದ್ದಾರೆ. 1999ರ ಡಿಸೆಂಬರ್‌ನಲ್ಲಿ ಮೈಕ್ರೋಸಾಫ್ಟ್ ಕಂಪನಿ ತನ್ನ ಪಾಸ್‌ಪೋರ್ಟ್ ಡಾಟ್ ಕಾಮ್ ರಿನ್ಯೂ ಮಾಡುವುದನ್ನು ಮರೆಯಿತು. ಹಾಟ್‌ಮೇಲ್ ಲಾಗಿನ್ ಆಗುತ್ತಿದ್ದದ್ದು ಅದರ ಮೂಲಕವೇ. ಕೊನೆಗೆ ಕಂಪನಿಗೆ ಸಂಬಂಧವೇ ಇಲ್ಲದ ಒಬ್ಬ ಪ್ರೋಗ್ರಾಮರ್ ತನ್ನ ಕಾರ್ಡಿನಿಂದ 35 ಡಾಲರ್ ಕಟ್ಟಿದರು.

ಅವಧಿ ಮುಗಿದರೆ ಏನಾಗುತ್ತದೆ

ಡಾಟ್ ಕಾಮ್ ಆದರೆ ಮುಗಿಯುವ ಸುಮಾರು ಒಂದು ತಿಂಗಳ ಮೊದಲು, ಮತ್ತೆ ಒಂದು ವಾರ ಮೊದಲು, ಮುಗಿದ ಐದು ದಿನದೊಳಗೆ ಇನ್ನೊಮ್ಮೆ ರಿಜಿಸ್ಟ್ರಾರ್ ನಿಮಗೆ ತಿಳಿಸಲೇಬೇಕು. ಮುಗಿದ ಮೇಲೆ 45 ದಿನದವರೆಗೆ ಸಾಮಾನ್ಯ ದರದಲ್ಲೇ ರಿನ್ಯೂ ಮಾಡಲು ಅವಕಾಶ ಇರಬಹುದು. ಇರಬಹುದು ಅಂದೆ, ಏಕೆಂದರೆ ಅಷ್ಟು ದಿನ ಕೊಡುವುದು ರಿಜಿಸ್ಟ್ರಾರ್ ಇಷ್ಟ. ಕೆಲವರು ಅದಕ್ಕೂ ಮೊದಲೇ ಹರಾಜಿಗೆ ಹಾಕುತ್ತಾರೆ. ಡಿಲೀಟ್ ಆದಮೇಲೆ ರಿಡೆಂಪ್ಶನ್ ಅಂತ 30 ದಿನ. ಆಗ ವಾಪಸ್ ಪಡೆಯಲು ರಿನ್ಯೂವಲ್ ಜೊತೆಗೆ ದಂಡವನ್ನೂ ಕಟ್ಟಬೇಕು, ಅದು ದುಬಾರಿ. ಅದೂ ಮುಗಿದರೆ ಐದು ದಿನ ಯಾರೂ ಏನೂ ಮಾಡುವ ಹಾಗಿಲ್ಲ. ಆಮೇಲೆ ಹೆಸರು ಬಯಲಿಗೆ ಬೀಳುತ್ತದೆ. ಇಂಥ ಹೆಸರುಗಳಿಗಾಗಿಯೇ ಕಾದು ಕೂತ ಸಾಫ್ಟ್‌ವೇರ್‌ಗಳಿವೆ, ಕ್ಷಣದಲ್ಲಿ ಹಿಡಿಯುತ್ತವೆ. ನಾಲ್ಕು ವರ್ಷ ಗಿರಾಕಿಗಳು ಬಂದುಹೋದ ವಿಳಾಸದಲ್ಲಿ ಮರುದಿನ ಜೂಜಿನ ಜಾಹೀರಾತು ಕಾಣುತ್ತದೆ. ವೆಬ್‌ಸೈಟ್ ನಿಂತಿದ್ದು ಕಂಡ ತಕ್ಷಣ ಅವತ್ತೇ ದುಡ್ಡು ಕಟ್ಟಿ, ಕಾರಣ ಹುಡುಕುವುದನ್ನು ಆಮೇಲೆ ಮಾಡಿ.

ಹಂತ 5: ಇಮೇಲ್‌ನ ರಕ್ಷಣೆ

ಡೊಮೇನ್, ಹೋಸ್ಟಿಂಗ್ (ವೆಬ್‌ಸೈಟಿನ ಫೈಲುಗಳನ್ನು ಇಡುವ ಜಾಗ), ಇಮೇಲ್ ಮೂರೂ ಬೇರೆ ಬೇರೆ ಸೇವೆಗಳು. ಒಂದೇ ಕಡೆ ತೆಗೆದುಕೊಂಡರೆ ಸಲೀಸು ನಿಜ. ಆದರೂ ಡೊಮೇನನ್ನು ಹೋಸ್ಟಿಂಗ್‌ನಿಂದ ಬೇರೆ ಇಡುವುದು ನನಗೆ ಸರಿ ಕಾಣುತ್ತದೆ. ಹೋಸ್ಟಿಂಗ್ ಕಂಪನಿಯ ಜೊತೆ ಬಿಲ್ ತಕರಾರಾದರೂ ಹೆಸರು ನಿಮ್ಮ ಕೈಯಲ್ಲೇ ಇರುತ್ತದೆ, ಬೇರೆ ಕಡೆಗೆ ತಿರುಗಿಸಿಕೊಳ್ಳಬಹುದು.

ಡೊಮೇನ್ ಕಳೆದುಕೊಳ್ಳದೆಯೂ ಹೆಸರು ಕೆಡಿಸಿಕೊಳ್ಳಬಹುದು. ನಿಮ್ಮ ವಿಳಾಸದಿಂದಲೇ ಬಂದ ಹಾಗೆ ಕಾಣುವ ಇಮೇಲ್ ಅನ್ನು ಯಾರೋ ನಿಮ್ಮ ಗಿರಾಕಿಗೆ ಕಳಿಸಿ, ‘ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಈ ನಂಬರಿಗೆ ಹಾಕಿ’ ಅನ್ನುತ್ತಾರೆ. ಹೋಲ್‌ಸೇಲ್ ವ್ಯಾಪಾರದವರು ಇದರ ಬಗ್ಗೆ ಜಾಸ್ತಿ ಎಚ್ಚರ ವಹಿಸಬೇಕು. ತಡೆಯಲು ಡಿಎನ್‌ಎಸ್‌ನಲ್ಲಿ, ಅಂದರೆ ಡೊಮೇನ್‌ನ ವೆಬ್‌ಸೈಟ್, ಇಮೇಲ್ ಎಲ್ಲಿವೆ ಅಂತ ಹೇಳುವ ಪಟ್ಟಿಯಲ್ಲಿ, ಮೂರು ದಾಖಲೆ ಹಾಕಿಸಬೇಕು. ಎಸ್‌ಪಿಎಫ್ ಅನ್ನುವುದು ನಿಮ್ಮ ಪರವಾಗಿ ಯಾವ ಸರ್ವರ್‌ಗಳು ಇಮೇಲ್ ಕಳಿಸಬಹುದು ಎಂಬ ಪಟ್ಟಿ. ಡಿಕಿಮ್ ಒಂದು ಡಿಜಿಟಲ್ ಸಹಿ. ಇವೆರಡರಲ್ಲೂ ತೇರ್ಗಡೆ ಆಗದ ಇಮೇಲ್ ಅನ್ನು ಏನು ಮಾಡಬೇಕು ಅಂತ ಹೇಳುವುದು ಡಿಮಾರ್ಕ್. ಡಿಮಾರ್ಕ್ ಅನ್ನು ಮೊದಲು ‘ನನ್’ ಎಂಬ, ಏನನ್ನೂ ತಡೆಯದ ಮಟ್ಟದಲ್ಲಿಟ್ಟು ಕೆಲವು ವಾರ ವರದಿಗಳನ್ನು ನೋಡಿ. ನಿಮ್ಮ ನಿಜವಾದ ಇಮೇಲ್‌ಗಳೆಲ್ಲ ಸರಿಯಾಗಿ ಹೋಗುತ್ತಿವೆ ಅಂತ ಗೊತ್ತಾದ ಮೇಲೆ ‘ಕ್ವಾರಂಟೈನ್’ (ಸ್ಪ್ಯಾಮ್‌ಗೆ ಹಾಕು), ಆಮೇಲೆ ‘ರಿಜೆಕ್ಟ್’ (ತಿರಸ್ಕರಿಸು) ಮಾಡಿ. ಸುಮ್ನೆ ‘ನನ್’ನಲ್ಲೇ ಬಿಟ್ಟರೆ ಕಳ್ಳ ಇಮೇಲ್ ನಿಲ್ಲುವುದಿಲ್ಲ.

ವೆಬ್‌ಸೈಟ್ ಮಾಡಿದವರಿಗೆ ಈ ಮೂರು ಹೆಸರು ಹೇಳಿ, ಮಾಡಿಕೊಡಿ ಅನ್ನಿ. ಗೊತ್ತಿರುವವರಿಗೆ ದೊಡ್ಡ ಕೆಲಸವಲ್ಲ.

ಹಂತ 6: ಹೆಸರಿಗೆ ಕಾನೂನಿನ ಬಲ

ಡೊಮೇನ್ ತೆಗೆದುಕೊಂಡರೆ ಟ್ರೇಡ್‌ಮಾರ್ಕ್ ಸಿಕ್ಕಿತು ಅಂತಲ್ಲ. ಅದಕ್ಕೆ ಬೇರೆಯೇ ಅರ್ಜಿ ಇದೆ, ಹೆಸರು ಟಿಎಂ-ಎ. ಆನ್‌ಲೈನ್‌ನಲ್ಲಿ ಹಾಕಿದರೆ ವ್ಯಕ್ತಿಗಳು, ಸ್ಟಾರ್ಟಪ್ ಮತ್ತು ಸಣ್ಣ ಉದ್ಯಮಗಳಿಗೆ ಒಂದು ವರ್ಗಕ್ಕೆ (ಸರಕು, ಸೇವೆಗಳನ್ನು ವಿಂಗಡಿಸಿದ ಗುಂಪು) 4,500 ರೂಪಾಯಿ, ಉಳಿದವರಿಗೆ 9,000. ಸಣ್ಣ ಉದ್ಯಮ ಅಂತ ತೋರಿಸಲು ಉದ್ಯಮ್ ಪ್ರಮಾಣಪತ್ರ ಸಾಕು. ಕರ್ನಾಟಕದ ಅರ್ಜಿಗಳು ಚೆನ್ನೈ ಕಚೇರಿಯ ವ್ಯಾಪ್ತಿಗೆ ಬರುತ್ತವೆ. ಸರ್ಕಾರದ ಟ್ರೇಡ್‌ಮಾರ್ಕ್ ಜರ್ನಲ್‌ನಲ್ಲಿ ಪ್ರಕಟವಾದ ಮೇಲೆ ನಾಲ್ಕು ತಿಂಗಳು ಆಕ್ಷೇಪಣೆಗೆ ಸಮಯ. ನೋಂದಣಿ ಆದರೆ ಹತ್ತು ವರ್ಷ ನಡೆಯುತ್ತದೆ, ಮತ್ತೆ ನವೀಕರಿಸಬಹುದು. ಅರ್ಜಿ ಹಾಕಿದ ಕೂಡಲೇ ಟಿಎಂ ಗುರುತು ಹಾಕಿಕೊಳ್ಳಬಹುದು. ವೃತ್ತದೊಳಗಿನ ಆರ್ ಗುರುತು ಮಾತ್ರ ನೋಂದಣಿ ಆದಮೇಲೆಯೇ. ಮೊದಲೇ ಹಾಕಿದರೆ ಅಪರಾಧ.

ನೋಂದಣಿ ಇಲ್ಲದಿದ್ದರೂ ಹಕ್ಕೇ ಇಲ್ಲ ಅಂತಲ್ಲ. ಇದನ್ನು ತೀರ್ಮಾನಿಸಿದ ಮುಖ್ಯ ಮೊಕದ್ದಮೆ ಶುರುವಾದದ್ದು ನಮ್ಮ ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟಿನಲ್ಲಿ. ಸಿಫಿ ಎಂಬ ಹೆಸರಿನಲ್ಲಿ ವ್ಯವಹರಿಸುತ್ತಿದ್ದ ಸತ್ಯಂ ಇನ್ಫೋವೇ, ಸಿಫಿನೆಟ್ ಎಂಬ ಹೆಸರು ಬಳಸುತ್ತಿದ್ದ ಇನ್ನೊಂದು ಕಂಪನಿಯ ಮೇಲೆ ದಾವೆ ಹೂಡಿತು. ಇಲ್ಲಿ ತಡೆಯಾಜ್ಞೆ ಸಿಕ್ಕಿತು, ಹೈಕೋರ್ಟಿನಲ್ಲಿ ಅದು ಬಿದ್ದುಹೋಯಿತು, 2004ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಸತ್ಯಂ ಪರ ನಿಂತಿತು. ಡೊಮೇನ್ ಬರಿ ವಿಳಾಸವಲ್ಲ, ವ್ಯಾಪಾರದ ಗುರುತೂ ಹೌದು, ಟ್ರೇಡ್‌ಮಾರ್ಕಿಗೆ ಸಿಗುವಂಥ ರಕ್ಷಣೆ ಅದಕ್ಕೂ ಉಂಟು ಅಂತ ಹೇಳಿತು. ಹಾಗಾಗಿ ಹಳೆಯ ಬಿಲ್ಲು, ಕರಪತ್ರ, ಪತ್ರಿಕೆ ಜಾಹೀರಾತು ಯಾವುದನ್ನೂ ಬಿಸಾಡಬೇಡಿ. ಎಂದಿನಿಂದ ಈ ಹೆಸರು ಬಳಸುತ್ತಿದ್ದೀರಿ ಅಂತ ತೋರಿಸುವುದು ಅವೇ.

ಬೇರೆಯವರು ನಿಮ್ಮ ಹೆಸರು ಹಿಡಿದಿಟ್ಟರೆ

ಮೊದಲು ಅವರ ಸೈಟಿನ ಸ್ಕ್ರೀನ್‌ಶಾಟ್ ತೆಗೆಯಿರಿ, ದಿನಾಂಕ ಕಾಣುವ ಹಾಗೆ. ಹೂಇಸ್, ಅಂದರೆ ಡೊಮೇನ್‌ಗಳ ನೋಂದಣಿ ವಿವರ ತೋರಿಸುವ ಹುಡುಕಾಟದಲ್ಲಿ ಎಂದು ನೋಂದಣಿಯಾಯಿತು, ರಿಜಿಸ್ಟ್ರಾರ್ ಯಾರು ಅಂತ ನೋಡಿಟ್ಟುಕೊಳ್ಳಿ. ಅವರು ಇಷ್ಟು ಲಕ್ಷ ಕೊಡಿ ಅಂತ ಕೇಳಿದ್ದರೆ ಆ ಸಂದೇಶ ಉಳಿಸಿ, ದುರುದ್ದೇಶ ತೋರಿಸಲು ಅದು ಬೇಕು. ನಿಮ್ಮ ಸೋಗಿನಲ್ಲಿ ದುಡ್ಡು ದೋಚುತ್ತಿದ್ದರೆ ಕಾಯಬೇಡಿ. ರಿಜಿಸ್ಟ್ರಾರ್‌ನ ದುರ್ಬಳಕೆ ವಿಭಾಗಕ್ಕೆ ದೂರು ಕೊಡಿ. ದುಡ್ಡು ಕಳೆದುಕೊಂಡವರು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಲಿ.

ಹೆಸರು ವಾಪಸ್ ಬೇಕೆಂದರೆ ಡಾಟ್ ಇನ್‌ಗೆ ಐಎನ್‌ಡಿಆರ್‌ಪಿ, ಡಾಟ್ ಕಾಮ್‌ಗೆ ಯುಡಿಆರ್‌ಪಿ ಎಂಬ ತಕರಾರು ಬಗೆಹರಿಸುವ ವ್ಯವಸ್ಥೆ ಇದೆ. ಎರಡರಲ್ಲೂ ಮೂರು ವಿಷಯ ತೋರಿಸಬೇಕು. ಆ ಹೆಸರು ನಿಮ್ಮದನ್ನು ಹೋಲುತ್ತದೆ, ಅವರಿಗೆ ಅದರ ಮೇಲೆ ನ್ಯಾಯವಾದ ಹಕ್ಕಿಲ್ಲ, ದುರುದ್ದೇಶ ಇದೆ. ಯುಡಿಆರ್‌ಪಿಯಲ್ಲಿ ದುರುದ್ದೇಶದಿಂದ ನೋಂದಣಿ ಮಾಡಿ ದುರುದ್ದೇಶದಿಂದಲೇ ಬಳಸಿದರು ಅಂತ ಎರಡನ್ನೂ ಸಾಧಿಸಬೇಕು. ಐಎನ್‌ಡಿಆರ್‌ಪಿಯಲ್ಲಿ ಯಾವುದಾದರೂ ಒಂದು ಸಾಕು. ಖರ್ಚಿನಲ್ಲೂ ವ್ಯತ್ಯಾಸ ಇದೆ. ವಿಪೋದಲ್ಲಿ (ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆ) ಒಬ್ಬ ತೀರ್ಪುಗಾರರ ಮುಂದೆ ಯುಡಿಆರ್‌ಪಿ ಹಾಕಲು ಶುಲ್ಕವೇ 1,500 ಡಾಲರ್. ಸಣ್ಣ ಅಂಗಡಿಗೆ ಅದು ಭಾರ. ಮೊದಲೇ ಎರಡು ಬಾಲ ತೆಗೆದಿಟ್ಟುಕೊಳ್ಳಿ ಅಂದದ್ದು ಇದಕ್ಕೇ.

ವೆಬ್‌ಸೈಟ್ ಮಾಡಿದವರ ಖಾತೆಯಲ್ಲಿ ಈಗಾಗಲೇ ಸಿಕ್ಕಿಕೊಂಡಿದ್ದರೆ ಜಗಳದಿಂದ ಶುರು ಮಾಡಬೇಡಿ. ನೀವು ಅದೇ ರಿಜಿಸ್ಟ್ರಾರ್‌ನಲ್ಲಿ ಖಾತೆ ತೆರೆಯಿರಿ, ಅಲ್ಲಿಗೆ ಡೊಮೇನ್ ದಾಟಿಸಿಕೊಡಿ ಅನ್ನಿ. ಒಂದೇ ಕಂಪನಿಯೊಳಗೆ ಹೀಗೆ ದಾಟಿಸುವುದು ಸುಲಭ. ಬೇರೆ ಕಂಪನಿಗೆ ಆದರೆ ಲಾಕ್ ತೆಗೆದು ಆಥ್ ಕೋಡ್ ಕೊಡಬೇಕು. ಹೊಸದಾಗಿ ನೋಂದಣಿ ಮಾಡಿದ ಅಥವಾ ಈಚೆಗೆ ಸಾಗಿಸಿದ ಡೊಮೇನ್‌ಗೆ ಸಾಮಾನ್ಯವಾಗಿ 60 ದಿನದ ತಡೆ ಇರುತ್ತದೆ. ದಾಟಿದ ಮೇಲೆ ರಿಜಿಸ್ಟ್ರೆಂಟ್ ಕಾಲಂ ತೆರೆದು ಹೆಸರು ನಿಮ್ಮದಾಗಿದೆಯಾ ನೋಡಿ. ಬಾಕಿ ಏನಾದರೂ ಇದ್ದರೆ ಕೊಟ್ಟು ರಸೀದಿ ತೆಗೆದುಕೊಳ್ಳಿ. ಬಾಕಿ ಇಲ್ಲದೆಯೂ ಕೊಡಲ್ಲ ಅಂದರೆ ಪಾವತಿಯ ದಾಖಲೆ, ವಾಟ್ಸಾಪ್ ಮಾತುಕತೆ ಎಲ್ಲ ಜೋಡಿಸಿ ವಕೀಲರಿಂದ ನೋಟಿಸ್ ಕೊಡಿಸಿ.

ಹೆದರಿಸುವ ಪತ್ರಗಳು

ಡೊಮೇನ್ ತೆಗೆದ ಕೆಲವೇ ದಿನಗಳಲ್ಲಿ ಇವು ಶುರುವಾಗುತ್ತವೆ. ಒಂದು, ಬಿಲ್ಲಿನ ಹಾಗೇ ಕಾಣುವ ರಿನ್ಯೂವಲ್ ಪತ್ರ, ನಿಮ್ಮದಲ್ಲದ ಕಂಪನಿಯಿಂದ. ಇನ್ನೊಂದು ಚೀನಾದಿಂದ ಬರುವ ಇಮೇಲ್: ‘ಇಲ್ಲೊಬ್ಬರು ನಿಮ್ಮ ಬ್ರ್ಯಾಂಡ್ ಹೆಸರಿನಲ್ಲಿ ಡಾಟ್ ಸಿಎನ್ ಕೇಳುತ್ತಿದ್ದಾರೆ, ನೀವು ಬೇಗ ತೆಗೆದುಕೊಳ್ಳದಿದ್ದರೆ ಅವರಿಗೆ ಕೊಡುತ್ತೇವೆ’ ಅಂತ. ಅಲ್ಲಿ ಯಾರೂ ಕೇಳಿರುವುದಿಲ್ಲ. ಉತ್ತರ ಕೊಡದೆ ಅಳಿಸಿ. ಡೊಮೇನ್ ತೆಗೆದಾಗ ಬರುವ ದೃಢೀಕರಣದ ಇಮೇಲ್ ಒಂದನ್ನು ಬಿಟ್ಟು ಬೇರೆ ಯಾವ ಇಮೇಲ್ ಬಂದರೂ ಅದರೊಳಗಿನ ಕೊಂಡಿ ಒತ್ತಬೇಡಿ, ನೇರವಾಗಿ ನಿಮ್ಮ ರಿಜಿಸ್ಟ್ರಾರ್ ಸೈಟ್‌ಗೆ ಹೋಗಿ ಲಾಗಿನ್ ಆಗಿ ನೋಡಿ.

ಹಳೆಯ ಹೆಸರನ್ನು ಬಿಡುವಾಗ

ವ್ಯಾಪಾರದ ಹೆಸರು ಬದಲಾಯಿತು, ಹಳೆಯ ಡೊಮೇನ್ ಇನ್ಯಾಕೆ ಅಂತ ತಕ್ಷಣ ಬಿಟ್ಟುಬಿಡಬೇಡಿ. ಅದನ್ನು ಬೇರೆಯವರು ತೆಗೆದುಕೊಂಡರೆ ಆ ವಿಳಾಸಕ್ಕೆ ಬರುವ ಇಮೇಲ್ ಎಲ್ಲ ಅವರಿಗೆ ಹೋಗುತ್ತದೆ. ಜಿಎಸ್‌ಟಿ ಪೋರ್ಟಲ್, ಬ್ಯಾಂಕ್, ಫೇಸ್‌ಬುಕ್ ಪುಟ, ಕೊರಿಯರ್ ಖಾತೆ, ಎಲ್ಲೆಲ್ಲಿ ಹಳೆಯ ಇಮೇಲ್ ಕೊಟ್ಟಿದ್ದೀರೋ ಅಲ್ಲೆಲ್ಲ ಪಾಸ್‌ವರ್ಡ್ ಬದಲಿಸುವ ಕೊಂಡಿ ಅವರ ಕೈಗೆ ಸಿಗುತ್ತದೆ. ಒಂದೊಂದೇ ಖಾತೆಯಲ್ಲಿ ಇಮೇಲ್ ಬದಲಿಸಿ. ಅದಾದ ಮೇಲೂ ಕೆಲವು ವರ್ಷ ಹಳೆಯ ಡೊಮೇನ್‌ಗೆ ದುಡ್ಡು ಕಟ್ಟುತ್ತಿರಿ, ಬಂದವರನ್ನು ಹೊಸ ವಿಳಾಸಕ್ಕೆ ತಿರುಗಿಸಿ. ಹಳೆಯ ವಿಳಾಸಕ್ಕೆ ಇಮೇಲ್ ಬರುವುದು ಪೂರ್ತಿ ನಿಂತಿದೆ ಅಂತ ಖಾತ್ರಿಯಾದಾಗ ಬಿಡಬಹುದು.